ಕ್ಯಾಮೆರಾದ ಮುಂದೆ ಒಂದು ಗುಟುಕು ನೀರು

“ಹಸಲರ ಹೆಂಗಸಿನ ಕೈಯಿಂದ ಸಿನಿಮಾದ ಹೀರೋ ನೀರು ಇಸ್ಕೊಂಡು ಕುಡೀತಾನಾ? ಈ ಜನ್ಮದಲ್ಲಿ ಆಗೋ ಮಾತಲ್ಲ, ಹೋಗೋ.”

ಹೀಗೆಂದವರು ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಹೆಡ್ ರೈಟರ್. ತೋಟದ ಹಾಜರಿ, ಉಗ್ರಾಣದ ಬೀಗದ ಕೈ, ಯಾರು ಕೂಲಿಗಳ ಲೈನಿನಲ್ಲಿ ಇರಬೇಕು ಯಾರು ಗಂಟುಮೂಟೆ ಕಟ್ಟಬೇಕು ಎಂಬ ತೀರ್ಮಾನ, ಎಲ್ಲ ಅವರದ್ದೇ. ನಾನು ಹೈಸ್ಕೂಲು ಸೇರಿದಾಗ ಇದೇ ಮನುಷ್ಯ, “ಇವನು ಪಾಸಾದ್ರೆ ನಾನು ಮೀಸೆ ಬೋಳಿಸ್ತೀನಿ” ಅಂದಿದ್ದರು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದೆ. ಮೀಸೆ ಹಾಗೇ ಇತ್ತು. ಆದ್ದರಿಂದ ಈ ಸಲ ಮಾತು ಉಳಿಸಿಕೊಳ್ಳುವ ಕೆಲಸವನ್ನು ಅವರಿಗೆ ಬಿಡಬಾರದೆಂದು ಅವತ್ತೇ ನಿಶ್ಚಯಿಸಿದೆ.

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಹೊರಾಂಗಣ ಚಿತ್ರೀಕರಣಕ್ಕೆಂದು ಸಿನಿಮಾ ಕಂಪನಿಯೊಂದು ನಮ್ಮ ತೋಟಕ್ಕೆ ಬಂದಿತ್ತು. ಕಾಡಿನವರನ್ನು, ಅಂದರೆ ನಮ್ಮ ಹಸಲರನ್ನು, ಕರೆತರಲು, ಅವರಿಗೆ ಹೇಳಿಕೊಡಲು ಇಂಗ್ಲಿಷೂ ಗೊತ್ತಿರುವ ಸ್ಥಳೀಯನೊಬ್ಬ ಬೇಕೆಂದರು. ನಾನು ಹೋಗಿ ನಿಂತೆ. ನಾನೂ ಹಸಲನೇ ಎಂದಾಗ ಕಂಪನಿಯ ಮ್ಯಾನೇಜರ್ ನನ್ನ ಕೋಟನ್ನು ಮೇಲಿನಿಂದ ಕೆಳಗೆ ನೋಡಿ, “ನೀವಾ?” ಅಂದರು. ಡೈರೆಕ್ಟರಿಗೆ ಅದೆಲ್ಲ ಬೇಕಿರಲಿಲ್ಲ. ಜನರನ್ನು ನೋಡಿಕೊಳ್ಳುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ನನಗೆ ಹಚ್ಚಿದರು. ಒಂದು ಶಾಟಿನಲ್ಲಿ ಹೀರೋನ ಅಂಗಿಯ ಗುಂಡಿ ಬಿಚ್ಚಿದ್ದರೆ ಮುಂದಿನ ಶಾಟಿನಲ್ಲೂ ಬಿಚ್ಚಿರಬೇಕು. ಎಡಗೆನ್ನೆಯ ಮೇಲೆ ಮಣ್ಣಿದ್ದರೆ ಎಡಗೆನ್ನೆಯ ಮೇಲೇ ಇರಬೇಕು. ಅದನ್ನು ಕಾಯುವವನು ನಾನು. ಸಣ್ಣ ಕೆಲಸವೆಂದೇ ಎಲ್ಲರೂ ತಿಳಿದಿದ್ದರು. ಮೊದಮೊದಲು ನಾನೂ ಹಾಗೇ ತಿಳಿದಿದ್ದೆ.

ಕಥೆ ಇಷ್ಟು. ಸಾಹುಕಾರರ ಮಗ ಕಾಡಿನಲ್ಲಿ ದಾರಿ ತಪ್ಪಿ, ಬಂಡೆಯ ಮೇಲಿಂದ ಬಿದ್ದು ತಲೆ ಒಡೆದುಕೊಳ್ಳುತ್ತಾನೆ. ಕಾಡುಜನ ಅವನನ್ನು ಹಿಡಿದು, ಕಂಬಕ್ಕೆ ಕಟ್ಟಿ, ಸುತ್ತ ಕುಣಿದು ಬಲಿ ಕೊಡಲು ಹೊರಡುತ್ತಾರೆ. ಊರಿನಲ್ಲಿ ಹೀರೋಯಿನ್ ದೇವರ ಮುಂದೆ ಹಾಡುತ್ತಾಳೆ. ಸಿಡಿಲು ಬಡಿದು ಕಾಡುಜನ ಚೆಲ್ಲಾಪಿಲ್ಲಿಯಾಗುತ್ತಾರೆ. ಆ ಕಾಡುಜನವೇ ನಾವು.

ಕುಣಿತದ ದಿನ ನಮ್ಮವರನ್ನು ಸಾಲಾಗಿ ಕೂರಿಸಿ ಎಣ್ಣೆಯಲ್ಲಿ ಕಲೆಸಿದ ಮಸಿ ಬಳಿದರು. ಮೊದಲೇ ಕಪ್ಪಗಿದ್ದವರಿಗೆ ಮಸಿ! ತಲೆಗೆ ಕೋಳಿಪುಕ್ಕ, ಸೊಂಟಕ್ಕೆ ಸೊಪ್ಪು, ಕೊರಳಿಗೆ ಮೂಳೆ. ನನ್ನನ್ನು ಸಾಕಿ ಬೆಳೆಸಿದ ದೊಡ್ಡವ್ವನ ಕೊರಳಿಗೂ ಮ್ಯಾನೇಜರ್ ಒಂದು ಮೂಳೆಸರ ಹಿಡಿದರು.

“ಇದು ಎಂತದು?” ಅಂದಳು ದೊಡ್ಡವ್ವ.

“ಒಡವೆ ಅಜ್ಜಿ. ನಿಮ್ಮ ಜನದ ಒಡವೆ.”

“ನಮ್ಮ ಜನದ್ದು ನಂಗೆ ಗೊತ್ತಿಲ್ಲ, ನಿಮಗೆ ಗೊತ್ತುಂಟಾ? ಚಂದ ಇದ್ರೆ ನಿಮ್ಮ ಹೆಂಡ್ತಿಗೆ ಹಾಕಿ ಮಾರಾಯ್ರೆ.”

ಆಕೆಯನ್ನು ಹಿಂದಿನ ಸಾಲಿಗೆ ತಳ್ಳಿದರು. ಹೆಡ್ ರೈಟರ್ ಮಾತ್ರ ಅಂದು ಜರಿಪೇಟ ಸುತ್ತಿಕೊಂಡು ಬಂದಿದ್ದರು. ಹೀರೋನನ್ನು ಹುಡುಕಿಕೊಂಡು ಬರುವ ಪಟೇಲನ ಪಾತ್ರ ತಮಗೇ ಬೇಕೆಂದು ಡೈರೆಕ್ಟರರ ಹಿಂದೆ ಬಿದ್ದು, ಜೇನು, ಏಲಕ್ಕಿ ಎಲ್ಲ ತಂದುಕೊಟ್ಟು ಗಿಟ್ಟಿಸಿಕೊಂಡಿದ್ದರು. ನಮ್ಮವರು ಕುಣಿಯುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡೋ ಬಿ.ಎ., ಇವತ್ತು ನಿಮ್ಮವ್ರ ನಿಜರೂಪ ಬಂತು!”

ಸಂಜೆ ಬಂಗಲೆಯ ಜಗುಲಿಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನಾನು ಮೆಟ್ಟಿಲ ಕೆಳಗೆ ನಿಂತೇ ಡೈರೆಕ್ಟರಿಗೆ ಹೇಳಿದೆ: “ಸಾರ್, ಗಾಯಗೊಂಡವನು ನಮ್ಮ ಕೇರಿಗೆ ಬಂದರೆ ನಾವು ಕಂಬಕ್ಕೆ ಕಟ್ಟುವುದಿಲ್ಲ. ಬೆಲ್ಲ, ನೀರು ಕೊಡುತ್ತೇವೆ. ಗಾಯಕ್ಕೆ ಸೊಪ್ಪು ಅರೆದು ಕಟ್ಟುತ್ತೇವೆ. ಬೆಳಗಾದ ಮೇಲೆ ದಾರಿಗೆ ಬಿಟ್ಟುಬರುತ್ತೇವೆ. ಅದನ್ನೇ ತೋರಿಸಿದರೆ?”

ಮ್ಯಾನೇಜರ್ ನಕ್ಕರು. ಆಗಲೇ ಹೆಡ್ ರೈಟರ್ ನಾನು ಮೊದಲಿಗೆ ಬರೆದ ಆ ಮಾತನ್ನು ಹೇಳಿದ್ದು. ಡೈರೆಕ್ಟರ್ ನಗಲಿಲ್ಲ, ಒಪ್ಪಲೂ ಇಲ್ಲ. “ನೀನು ಹೇಳೋದು ಚೆನ್ನಾಗಿದೆ ಕಣಪ್ಪ. ಆದ್ರೆ ಕುಣಿತ ತೆಗೆದಾಯ್ತಲ್ಲ, ಫಿಲ್ಮ್ ಎಲ್ಲಿದೆ ಇನ್ನೊಂದ್ಸಲ ತೆಗೆಯೋಕೆ?” ಅಂದರು. ಅದು ನಿಜ. ಯುದ್ಧದಿಂದಾಗಿ ಕಚ್ಚಾ ಫಿಲ್ಮು ಸಿಗುತ್ತಲೇ ಇರಲಿಲ್ಲ. ಒಂದು ಶಾಟು ಒಂದೇ ಸಲ. ಕೆಟ್ಟರೆ ಕೆಟ್ಟ ಹಾಗೇ.

ಕೇರಿಗೆ ಹೋದರೆ ಹೆಂಗಸರು ಸೀಗೆ ಹಾಕಿ ತಿಕ್ಕಿದರೂ ಕಿವಿಯ ಹಿಂದಿನ ಮಸಿ ಹೋಗುತ್ತಿರಲಿಲ್ಲ. ದೊಡ್ಡವ್ವ ನನ್ನ ಮುಖ ನೋಡದೆ, “ಇದಕ್ಕಾ ನೀನು ಅಷ್ಟು ಓದಿದ್ದು?” ಅಂದಳು. ನಾನು ಓದಲೆಂದು ಆ ಹೆಂಗಸು ಎಷ್ಟು ಮಳೆಗಾಲ ಒಂದೇ ಕಂಬಳಿಯಲ್ಲಿ ಕಳೆದಿದ್ದಾಳೆಂದು ನನಗೆ ಗೊತ್ತು. ಕೊಡುವ ಉತ್ತರ ಬಾಯಲ್ಲಿ ಹೇಳುವಂಥದ್ದಾಗಿರಲಿಲ್ಲ.

ತೆಗೆದ ಫಿಲ್ಮನ್ನು ತಗಡಿನ ಡಬ್ಬಿಯಲ್ಲಿ ಕಪ್ಪು ಕಾಗದ ಸುತ್ತಿಟ್ಟು, ಅಂಚಿಗೆ ಪಟ್ಟಿ ಅಂಟಿಸಿ ಮುಚ್ಚುತ್ತಾರೆ. ಮದರಾಸಿನಲ್ಲಿ ತೊಳೆಯುವ ತನಕ ಅದಕ್ಕೆ ಬೆಳಕು ತಾಗಬಾರದು. ತಾಗಿದರೆ ಮುಗಿಯಿತು. ಮಲೆನಾಡಿನ ತೇವ ತಗಲದಿರಲೆಂದು ಡಬ್ಬಿಗಳನ್ನು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಇಡುವ ಉಗ್ರಾಣದ ಪಕ್ಕದ ಕೋಣೆಯಲ್ಲಿ ಇರಿಸಿದ್ದೆವು. ಬೀಗದ ಕೈ ಹೆಡ್ ರೈಟರ್ ಬಳಿ.

ಮದರಾಸಿಗೆ ಕಳಿಸಲು ಡಬ್ಬಿಗಳನ್ನು ತರಲು ಹೋದ ಬೆಳಿಗ್ಗೆ, ಕುಣಿತದ ಡಬ್ಬಿಯ ಪಟ್ಟಿ ಎದ್ದಿರುವುದನ್ನು ನೋಡಿದೆ. ಯಾರೋ ಕಿತ್ತು, ಮತ್ತೆ ಎಂಜಲು ಹಚ್ಚಿ ಒತ್ತಿದ್ದರು. ಮುಚ್ಚಳ ಎತ್ತಿದರೆ, ಒಳಗಿನ ಕಪ್ಪು ಕಾಗದ ಅಡ್ಡಾದಿಡ್ಡಿ ಸುತ್ತಿತ್ತು. ಅದರ ಮಡಿಕೆಯಲ್ಲಿ ನಶ್ಯದ ಪುಡಿ. ನಮ್ಮ ತೋಟದಲ್ಲಿ ನಶ್ಯ ಏರಿಸುವವರು ಒಬ್ಬರೇ.

ಡಬ್ಬಿಯನ್ನು ಹಿಡಿದುಕೊಂಡೇ ಆಫೀಸಿಗೆ ಹೋದೆ. ಹೆಡ್ ರೈಟರ್ ಒಬ್ಬರೇ ಇದ್ದರು.

“ರೈಟ್ರೇ, ಇದನ್ನು ತೆಗೆದಿದ್ರಾ?”

“ಎಂತ ತೆಗೆಯೂದು? ಹೋಗೋ.”

“ನಶ್ಯ ಬಿದ್ದಿದೆ.”

ಅವರ ಕೈ ತಾನಾಗಿ ಜೇಬಿನ ನಶ್ಯದ ಡಬ್ಬಿಯ ಮೇಲೆ ಹೋಯಿತು. ದನಿ ಇಳಿಸಿದರು. “ಪೇಟದಲ್ಲಿ ಹೆಂಗೆ ಕಾಣ್ತೀನಿ ಅಂತ ನೋಡುವಾ ಅಂದ್ಕೊಂಡೆ ಮಾರಾಯ. ಕಿಟಕಿಗೆ ಹಿಡಿದು ನೋಡಿದ್ರೆ ಅದ್ರಲ್ಲಿ ಎಂತದೂ ಇಲ್ಲ! ಬರೀ ಕೆನೆ ಬಣ್ಣದ ಪಟ್ಟಿ. ನಿಮ್ಮ ಕ್ಯಾಮೆರಾದವನು ಮೋಸಗಾರ, ಖಾಲಿ ಪೆಟ್ಟಿಗೆ ತಿರುಗಿಸ್ತಿದ್ದಾನೆ.”

ಪಟೇಲನ ವೇಷದ ಅವರ ಶಾಟೂ ಕುಣಿತದ ಶಾಟುಗಳೂ ಒಂದೇ ಸುರುಳಿಯಲ್ಲಿದ್ದವು. ತಮ್ಮ ಮುಖ ನೋಡುವ ಆಸೆಗೆ ಎಲ್ಲವನ್ನೂ ಬೆಳಗಿನ ಬಿಸಿಲಿಗೆ ಬಿಚ್ಚಿ ಸುಟ್ಟಿದ್ದರು. ತೊಳೆಯುವ ಮೊದಲು ಫಿಲ್ಮಿನಲ್ಲಿ ಏನೂ ಕಾಣುವುದಿಲ್ಲವೆಂದೂ ಈಗ ತೊಳೆದರೂ ಕಾಣುವುದಿಲ್ಲವೆಂದೂ ನಾನು ನಿಧಾನವಾಗಿ ವಿವರಿಸಿದೆ. ಇದಕ್ಕೆಷ್ಟು ನಷ್ಟ, ಕಂಪನಿಯವರು ಯಾರನ್ನು ಕೇಳುತ್ತಾರೆ, ತೋಟದ ಯಜಮಾನರ ಮಾನ ಎಲ್ಲಿಗೆ ಬರುತ್ತದೆ ಎಂಬುದನ್ನೂ ಬಿಡಿಸಿ ಹೇಳಿದೆ. ಅವರ ಮೀಸೆ ನಡುಗುವುದನ್ನು ನೋಡಲು ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವ ದರ್ದು ನನಗಿಲ್ಲ.

“ನೋಡಪ್ಪ,” ಅಂದರು. ನಾನು ಹುಟ್ಟಿದಾಗಿನಿಂದ ಅವರ ಬಾಯಲ್ಲಿ ನನಗೆ ‘ಅಪ್ಪ’ ಎಂಬ ಮಾತು ಬಂದಿರಲಿಲ್ಲ. “ನೀವು ಓದಿದವರು. ಎಂತಾದ್ರೂ ಮಾಡಿ.”

“ಮಾಡ್ತೀನಿ. ನಾನು ಕರೆದಾಗ ಬಂದು, ಹೇಳಿದ ಕೆಲಸ ಮಾಡಬೇಕು.”

ತಲೆಯಾಡಿಸಿದರು.

ಡೈರೆಕ್ಟರಿಗೆ ಡಬ್ಬಿ ತೋರಿಸಿ, ಬೆಳಕು ಹೊಕ್ಕಿದೆ ಎಂದಷ್ಟೇ ಹೇಳಿದೆ. ಕ್ಯಾಮೆರಾಮನ್ ತಲೆಯ ಮೇಲೆ ಕೈಹೊತ್ತು ಕುಳಿತ. ಪಟ್ಟಿಯ ಅಂಟು ಹಳೆಯದೆಂದು ಮ್ಯಾನೇಜರ್ ಮದರಾಸಿನ ಅಂಗಡಿಯವನನ್ನು ಬೈದರು. ಉಳಿದಿದ್ದದ್ದು ಒಂದು ತುಂಡು ಸುರುಳಿ. ಅಷ್ಟರಲ್ಲಿ ಕುಣಿತವನ್ನು ಮತ್ತೆ ತೆಗೆಯಲು ಸಾಧ್ಯವೇ ಇಲ್ಲ. ಆದರೆ ಬಿದ್ದು ಗಾಯಗೊಂಡ ಹೀರೋ ಕಾಡಿನಿಂದ ಹೊರಗೆ ಬರಬೇಕಲ್ಲ, ಅದಕ್ಕೊಂದು ದೃಶ್ಯ ಬೇಕೇ ಬೇಕು.

“ಚಿಕ್ಕ ದೃಶ್ಯ, ಮಾತಿಲ್ಲ,” ಅಂದೆ. “ಹೀರೋ ತೂರಾಡುತ್ತಾ ಬರುತ್ತಾನೆ. ಮುದುಕಿ ಕೂರಿಸುತ್ತಾಳೆ. ಬೆಲ್ಲ, ನೀರು. ತಲೆಗೆ ಪಟ್ಟಿ. ಸುರುಳಿ ಸಾಕಾಗುತ್ತದೆ ಸಾರ್.”

ಡೈರೆಕ್ಟರ್ ನನ್ನನ್ನೇ ದಿಟ್ಟಿಸಿದರು. ಅವರಿಗೆ ಏನೋ ಅನುಮಾನ ಬಂದಿತ್ತೆಂದು ಈಗಲೂ ಅನಿಸುತ್ತದೆ. “ಬೇರೆ ದಾರಿ ಇಲ್ಲ,” ಅಂದರು.

ದೃಶ್ಯ ಹೇಗಿರಬೇಕೆಂದು ಕೇರಿಯಲ್ಲಿ ಕುಳಿತು ಗೊತ್ತುಮಾಡಿಕೊಂಡೆವು. ನನ್ನ ಪಟ್ಟು ಒಂದೇ: ಹೀರೋಗೆ ನೀರು ಕರಟದಲ್ಲಿ ಕೊಡಬೇಕು. ಗೋಣಿಬೀಡಿನ ಹೋಟೆಲಿನಲ್ಲಿ ನಮಗೆ ಕಾಫಿ ಸಿಗುತ್ತಿದ್ದದ್ದು ಹಿತ್ತಿಲಿನಲ್ಲಿ, ತೆಂಗಿನ ಕರಟದಲ್ಲಿ. ಬಿ.ಎ. ಓದಿದ ಮೇಲೂ ಅದೇ ಕರಟ. ಆ ಕರಟವನ್ನು ಅವರವನ ಬಾಯಿಗೆ ಹಿಡಿಯಬೇಕು, ಊರೆಲ್ಲ ಅದನ್ನು ನೋಡಬೇಕು.

ದೊಡ್ಡವ್ವ ಎಲೆಯಡಿಕೆ ಜಗಿಯುತ್ತಾ ಪೂರ್ತಿ ಕೇಳಿದಳು. “ನಮ್ಮನೆಗೆ ಬಂದೋರಿಗೆ ನಾವು ಕರಟದಲ್ಲಿ ಕೊಡ್ತೀವಾ?”

“ಇಲ್ಲ. ಆದ್ರೆ…”

“ಕಂಚಿನ ಲೋಟ ಎಂತಕ್ಕೆ ಉಂಟು?”

“ದೊಡ್ಡವ್ವ, ಅವ್ರು ನಮಗೆ ಮಾಡಿದ್ದು…”

“ಅದು ಅವ್ರ ಬುದ್ಧಿ. ಅದನ್ನ ನನ್ನ ಕೈಯಲ್ಲಿ ಮಾಡಿಸಿ, ನನ್ನ ಬುದ್ಧಿ ಅಂತ ಊರಿಗೆಲ್ಲ ತೋರಿಸ್ತೀಯಾ? ಮೂಳೆಸರ ಹಾಕಿದ್ದೂ ಹಂಗೇ ಅಲ್ಲನಾ?”

ನಾನೇ ಎದ್ದು ಅಟ್ಟ ಹತ್ತಿದೆ. ನೆಂಟರು ಬಂದಾಗಷ್ಟೇ ಅಟ್ಟದಿಂದ ಇಳಿಯುವ ಆ ಲೋಟವನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ಮಸಿ ಇಲ್ಲ, ಪುಕ್ಕ ಇಲ್ಲ. ದೊಡ್ಡವ್ವ ತನ್ನ ಒಗೆದ ಹಳೆ ಸೀರೆಯನ್ನೇ ಉಡುವುದೆಂದಾಯಿತು. ಆದರೆ ನಾನು ಒಂದು ವಿಷಯದಲ್ಲಿ ಮಾತ್ರ ಸಡಿಲಿಸಲಿಲ್ಲ. ಡೈರೆಕ್ಟರಿಗೆ ಹೇಳಿದೆ: “ಸಾರ್, ಲೋಟ ತುಟಿಗೆ ತಾಗಿಸಿ ಇಳಿಸಿದರೆ ನೋಡುವವರಿಗೆ ಗೊತ್ತಾಗುತ್ತದೆ. ನೀರು ಗಂಟಲಲ್ಲಿ ಇಳಿದದ್ದು ಕಾಣಬೇಕು.” ಕ್ಯಾಮೆರಾಮನ್ ಅದಕ್ಕೆಂದೇ ಕ್ಯಾಮೆರಾವನ್ನು ಪಕ್ಕಕ್ಕೆ, ಸ್ವಲ್ಪ ಕೆಳಗೆ ಇಟ್ಟ.

ಅಂದು ನೆರಳಿನ ಮರಗಳ ಸಂದಿನಿಂದ ಬಿಸಿಲು ಚದುರಿ ಬೀಳುತ್ತಿತ್ತು. ಮುಖಕ್ಕೆ ಬೆಳಕು ಸಾಲದಾಗ ಬೆಳ್ಳಿಕಾಗದ ಅಂಟಿಸಿದ ದೊಡ್ಡ ಹಲಗೆಯಿಂದ ಬಿಸಿಲನ್ನು ತಿರುಗಿಸಿ ಬಿಡುತ್ತಾರೆ. ಆ ಹಲಗೆ ಹಿಡಿಯುವ ಆಳು ಚಳಿಜ್ವರದಿಂದ ಮಲಗಿದ್ದ. ನಾನು ಹೆಡ್ ರೈಟರರಿಗೆ ಹೇಳಿಕಳಿಸಿದೆ.

ಬಂದರು. ಕೋಟು, ಪೇಟ, ಬೂಟು. ಹಲಗೆಯನ್ನು ಅವರ ಕೈಗೆ ಕೊಟ್ಟು, ದೊಡ್ಡವ್ವ ಕೂರುವ ಜಾಗದ ಎದುರು ನಿಲ್ಲಿಸಿದೆ. ಆಗಷ್ಟೇ ಅವರಿಗೆ ಅರ್ಥವಾಯಿತು.

“ಇವಳ ಮುಖಕ್ಕಾ?” ಅಂದರು ಹಲ್ಲು ಕಚ್ಚಿ.

“ಅವರ ಮುಖಕ್ಕೆ,” ಅಂದೆ.

ಎಲ್ಲ ಸಿದ್ಧವಾಯಿತು ಅನ್ನುವಾಗ ದೊಡ್ಡವ್ವ ಲೋಟವನ್ನು ಮೂಗಿನ ಹತ್ತಿರ ಹಿಡಿದಳು. “ಮಗ, ಇದು ನಮ್ಮ ನೀರಲ್ಲ.” ನಾನು ಹತ್ತಿರ ಹೋಗಿ ನೋಡಿದೆ. ಕಂಪನಿಯ ಅಡಿಗೆಭಟ್ಟರು ಲವಂಗ ಹಾಕಿ ಕಾಯಿಸಿದ ನೀರು. ಮ್ಯಾನೇಜರ್ ಹೀರೋನ ಸಮಾಧಾನಕ್ಕೆಂದು ಸದ್ದಿಲ್ಲದೆ ಬದಲಾಯಿಸಿದ್ದರು. ಲೋಟವನ್ನೂ ಬೂದಿ ಹಾಕಿ ತೊಳೆಸಿದ್ದರಂತೆ. ಅವರು ನನಗೆ ಕಣ್ಣು ಹೊಡೆದರು. ಪರದೆಯ ಮೇಲೆ ಎಲ್ಲ ನೀರೂ ಒಂದೇ ತರಹ ಕಾಣುತ್ತದೆ, ಇನ್ನೇನು ಬೇಕು ನಿನಗೆ ಎಂಬಂತೆ.

ಬಿಸಿಲು ಸರಿಯುತ್ತಿತ್ತು. ಜಗಳಕ್ಕೆ ನಿಂತರೆ ದೃಶ್ಯವೇ ಹೋಗುತ್ತದೆ. ಸುಮ್ಮನಿದ್ದರೆ ದೃಶ್ಯ ಸಿಗುತ್ತದೆ, ಆದರೆ ಸುಳ್ಳು. ನಾನು ಯೋಚಿಸುತ್ತಿರುವಾಗಲೇ ಡೈರೆಕ್ಟರ್ “ಸ್ಟಾರ್ಟ್” ಅಂದುಬಿಟ್ಟರು.

ಹೀರೋ ತೂರಾಡುತ್ತಾ ಬಂದ, ಕುಸಿದ. ದೊಡ್ಡವ್ವ ಅವನ ತೋಳು ಹಿಡಿದು ಕೂರಿಸಿದಳು. ಆಮೇಲೆ ಯಾರೂ ಹೇಳಿಕೊಡದ ಒಂದು ಕೆಲಸ ಮಾಡಿದಳು. ಲೋಟದ ನೀರನ್ನು ಪಕ್ಕದ ಗಿಡದ ಬುಡಕ್ಕೆ ಚೆಲ್ಲಿ, ತನ್ನ ಮಡಕೆಯಿಂದ ಹೊಸದಾಗಿ ತುಂಬಿ, ಅಂಗೈಯಲ್ಲಿ ಬೆಲ್ಲ ಇಟ್ಟುಕೊಂಡು ಅವನ ಮುಂದೆ ಹಿಡಿದಳು.

ಹೀರೋ ಲೋಟ ನೋಡಿದ. ದೊಡ್ಡವ್ವನ ಮುಖ ನೋಡಿದ. ಮತ್ತೆ ಲೋಟ ನೋಡಿದ. ಕ್ಯಾಮೆರಾ ತಿರುಗುತ್ತಲೇ ಇತ್ತು. ಹೆಡ್ ರೈಟರರ ಹಲಗೆ ವಾಲಿ, ದೊಡ್ಡವ್ವನ ಕೆನ್ನೆಯ ಮೇಲೆ ಬೆಳಕು ಅಲ್ಲಾಡಿತು.

“ಅಲ್ಲಾಡಿಸ್ಬೇಡ್ರೀ ರೈಟ್ರೇ! ಅಜ್ಜಿ ಮುಖಕ್ಕೆ ಹಿಡೀರಿ, ಮುಖಕ್ಕೆ!” ಎಂದು ಡೈರೆಕ್ಟರ್ ಕಿರುಚಿದರು. ಧ್ವನಿ ಹಿಡಿಯುವ ದೃಶ್ಯವಲ್ಲವಾದ್ದರಿಂದ ಕಿರುಚಬಹುದಿತ್ತು. ಬೆಳಕು ನಿಂತಿತು.

ಹೀರೋ ಬೆಲ್ಲ ಬಾಯಿಗೆ ಹಾಕಿಕೊಂಡ. ಲೋಟ ಎತ್ತಿದ. ಗಂಟಲ ಮಣಿ ಮೇಲೆ ಹೋಗಿ ಕೆಳಗಿಳಿಯಿತು. ಇನ್ನೊಮ್ಮೆ. ಲೋಟ ಖಾಲಿಯಾಯಿತು.

ದೊಡ್ಡವ್ವ ಸೆರಗಿನ ಅಂಚು ಹರಿದು, ಅರೆದಿಟ್ಟ ನಾಚಿಕೆಮುಳ್ಳಿನ ಸೊಪ್ಪನ್ನು ಅವನ ಹಣೆಗೆ ಒತ್ತಿ ಕಟ್ಟಿದಳು. ಗಂಟು ಎಡಗಿವಿಯ ಮೇಲೆ ಬಂತು. ಸುರುಳಿ ಮುಗಿಯಿತು.

ಹೀರೋ ಎದ್ದು ನನ್ನ ಬಳಿ ಬಂದು, “ನಾಟಕ ಕಂಪನಿಯಲ್ಲಿ ಎಷ್ಟೋ ಸಲ ವಿಷ ಕುಡಿದು ಸತ್ತಿದ್ದೀನಿ. ಅದಕ್ಕೂ ಇಷ್ಟು ಹೆದರಿರಲಿಲ್ಲ,” ಅಂದ. ಆಮೇಲೆ ಸ್ವಲ್ಪ ನಾಚಿಕೊಂಡು, “ಬೆಲ್ಲ ಇನ್ನೊಂಚೂರು ಇದ್ಯಾ ಕೇಳಿ,” ಅಂದ.

ಅಲ್ಲಿಗೆ ಕೆಲಸ ಮುಗಿಯಿತೆಂದು ಬೇರೆಯವರು ಅಂದುಕೊಂಡರು. ನನ್ನ ಕೆಲಸ ಆಗ ಶುರುವಾಯಿತು. ಮ್ಯಾನೇಜರ್ ಈ ದೃಶ್ಯವನ್ನು ಉಳಿಯಗೊಡುವುದಿಲ್ಲವೆಂದು ನನಗೆ ಗೊತ್ತಿತ್ತು. ಆದ್ದರಿಂದ ಆ ಸೀರೆಯ ಪಟ್ಟಿಯನ್ನು ನನ್ನ ಪೆಟ್ಟಿಗೆಯಲ್ಲಿ ಕಾಪಾಡಿದೆ. ಮುಂದೆ ಹೊಸ ಫಿಲ್ಮು ಬಂದ ಮೇಲೆ ಕಳಸದ ಹೊಳೆದಂಡೆಯಲ್ಲಿ ಹೀರೋ ಹೀರೋಯಿನ್ನಳನ್ನು ಕಾಣುವ ದೃಶ್ಯ, ಆಮೇಲೆ ಮದರಾಸಿನ ಸ್ಟುಡಿಯೋದಲ್ಲಿ ತೆಗೆದ ತಂದೆ-ಮಗನ ಜಗಳ, ಎಲ್ಲದರಲ್ಲೂ ಅವನ ತಲೆಗೆ ಅದೇ ಪಟ್ಟಿ, ಅದೇ ಸೊಪ್ಪಿನ ಕಲೆ, ಎಡಗಿವಿಯ ಮೇಲೆ ಅದೇ ಗಂಟು. ನಾನೇ ಕಟ್ಟುತ್ತಿದ್ದೆ. “ಇದನ್ನ ತೆಗೆಯೋದು ಯಾವಾಗ್ರೀ, ತುರಿಕೆ,” ಎಂದು ಹೀರೋ ಗೊಣಗಿದರೆ, “ಗಾಯ ಮಾಯಲಿ ಸಾರ್,” ಅನ್ನುತ್ತಿದ್ದೆ. ಗಾಯ ಮಾಯಲು ನಾನು ಬಿಡಲೇ ಇಲ್ಲ.

ಮದರಾಸಿನಲ್ಲಿ ಚಿತ್ರ ಜೋಡಿಸುವ ಕೋಣೆಯಲ್ಲಿ ನಾನು ಎಣಿಸಿದ್ದೇ ಆಯಿತು. ಮ್ಯಾನೇಜರ್ ದೃಶ್ಯ ನೋಡಿ, “ಇದು ಬೇಡ. ನಮ್ಮ ಸೀಮೆಯ ಟಾಕೀಸಿನವರು ಚಿತ್ರದ ಪೆಟ್ಟಿಗೆ ವಾಪಸ್ ಕಳಿಸ್ತಾರೆ,” ಅಂದರು. ಸಂಕಲನಕಾರ ಕತ್ತರಿಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಅಂಟಿಸಿ ಓಡಿಸಿದ. ಹೀರೋ ಬಂಡೆಯಿಂದ ಬಿದ್ದ, ಹಣೆಯಿಂದ ರಕ್ತ. ಮರುಕ್ಷಣ ಹೊಳೆದಂಡೆಯಲ್ಲಿ ನಿಂತಿದ್ದಾನೆ, ತಲೆಗೆ ಪಟ್ಟಿ.

“ಈ ಪಟ್ಟಿ ಎಲ್ಲಿಂದ ಬಂತು?” ಅಂದ ಸಂಕಲನಕಾರ. “ಕಾಡಲ್ಲಿ ಆಸ್ಪತ್ರೆ ಇತ್ತಾ?”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಪಟ್ಟಿ ಇಲ್ಲದ ಶಾಟು ಹುಡುಕಿದರು. ಒಂದೂ ಇರಲಿಲ್ಲ. ಮತ್ತೆ ತೆಗೆಯಲು ಫಿಲ್ಮೂ ಇರಲಿಲ್ಲ. ಮ್ಯಾನೇಜರ್ ನನ್ನ ಕಡೆ ತಿರುಗಿದರು.

“ನೀನು ಬೇಕೂಂತಲೇ ಮಾಡಿದ್ದೀಯ.”

“ಹೌದು ಸಾರ್. ಒಂದು ಶಾಟಿನಲ್ಲಿದ್ದದ್ದು ಮುಂದಿನ ಶಾಟಿನಲ್ಲೂ ಇರಬೇಕು. ಅದಕ್ಕೇ ಅಲ್ಲವೇ ನನಗೆ ಸಂಬಳ?”

ಡೈರೆಕ್ಟರ್ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಗುವಿಗೆ ಅವರ ಭುಜ ಕುಲುಕುತ್ತಿತ್ತು. ದೃಶ್ಯ ವಾಪಸು ಒಳಗೆ ಹೋಯಿತು. ಹೀರೋ ಲೋಟ ನೋಡುತ್ತಾ ಹಿಂಜರಿದ ಆ ಗಳಿಗೆಯನ್ನು ಕೂಡ ಡೈರೆಕ್ಟರ್ ಪೂರ್ತಿ ಉಳಿಸಿದರು. ಇಡೀ ಚಿತ್ರದಲ್ಲಿ ಅವನು ನಟಿಸದೆ ಇದ್ದದ್ದು ಅಲ್ಲಿ ಮಾತ್ರ ಅಂದರು. ಸೆನ್ಸಾರಿನವರು ಹೀರೋಯಿನ್ನಳ ಒಂದು ಹಾಡನ್ನು ಮೊಟಕು ಮಾಡಿಸಿದರು. ನಮ್ಮ ನೀರಿನ ತಂಟೆಗೆ ಬರಲಿಲ್ಲ.

ಚಿಕ್ಕಮಗಳೂರಿಗೆ ಚಿತ್ರ ಬಂದಾಗ ಪೆಟ್ಟಿಗೆಯ ಜೊತೆ ಕಂಪನಿ ನನ್ನನ್ನೇ ಕಳಿಸಿತು. ಸೆನ್ಸಾರಿನ ಸರ್ಟಿಫಿಕೇಟು ನನ್ನ ಕೋಟಿನ ಒಳಜೇಬಿನಲ್ಲಿತ್ತು. ಅದಿಲ್ಲದೆ ಆಟ ನಡೆಸುವಂತಿಲ್ಲ. ಮ್ಯಾಟ್ನಿಗೆ ದೊಡ್ಡವ್ವನನ್ನೂ ಕೇರಿಯವರನ್ನೂ ಕರೆದುಕೊಂಡು ಬಂದು ಪರದೆಯ ಹತ್ತಿರ ನೆಲದ ಮೇಲೆ ಕೂರಿಸಿದೆ. ಹಿಂದಿನ ಕುರ್ಚಿಗಳಲ್ಲಿ ಹೆಡ್ ರೈಟರ್, ಅವರ ಹೆಂಡತಿ, ಭಾವಂದಿರು, ನೆಂಟರು. ತಮ್ಮ ಪಟೇಲನ ವೇಷವನ್ನು ಮತ್ತೆಲ್ಲೋ ಸೇರಿಸಿರುತ್ತಾರೆ ಎಂದು ಅವರಿಗೆ ಆಸೆ ಉಳಿದಿತ್ತು.

ದೊಡ್ಡವ್ವನ ಮುಖ ಪರದೆಯ ತುಂಬ ಬಂತು. ಹೀರೋನ ಗಂಟಲು ಆಡಿದಾಗ ಕುರ್ಚಿಗಳ ಕಡೆ ಗುಸುಗುಸು ಎದ್ದಿತು. ಇಬ್ಬರು ಎದ್ದು ಹೊರಗೆ ಹೋದರು. ಆಮೇಲೆ ನೆಲದಿಂದ ಒಂದು ಸಿಳ್ಳೆ, ಅದರ ಹಿಂದೆ ಎಷ್ಟೋ ಸಿಳ್ಳೆ. ಪರದೆಯ ಮೇಲಿದ್ದದ್ದು ಮಸಿ ಬಳಿಯದ ಮುಖ. ಕಿಡಿಗಣ್ಣಿಲ್ಲ, ಕೇಕೆಯಿಲ್ಲ. ಮನೆಗೆ ಬಂದವನಿಗೆ ನೀರು ಕೊಡುತ್ತಿರುವ ಒಬ್ಬ ಹೆಂಗಸು, ಅಷ್ಟೇ. ಅಷ್ಟನ್ನು ತೋರಿಸಲು ನಾನು ಅಷ್ಟೆಲ್ಲ ಮಾಡಬೇಕಾಯಿತು.

ಆಟ ಬಿಟ್ಟಮೇಲೆ ಹೆಡ್ ರೈಟರ್ ನೆಂಟರನ್ನು ದಾಟಿಕೊಂಡು ಬಂದರು. “ನನ್ನ ಸೀನು ಎಲ್ಲಿ?”

“ನೀವೇ ನೋಡಿದ್ರಲ್ಲ ರೈಟ್ರೇ,” ಅಂದೆ, ಅವರ ಭಾವಂದಿರಿಗೂ ಕೇಳುವ ಹಾಗೆ. “ಎಲ್ಲರಿಗಿಂತ ಮೊದಲೇ, ಕಿಟಕಿ ಹತ್ತಿರ.”

ಅವರು ಹೆಂಡತಿಯ ಕೈಹಿಡಿದು ಬಸ್ಸಿನ ಕಡೆ ಬಿರಬಿರನೆ ನಡೆದರು.

ವಾರ ಕಳೆದು ಪೆಟ್ಟಿಗೆ ಮುಂದಿನ ಊರಿಗೆ ಹೊರಟಿತು. ಒಯ್ಯಲು ಬಂದ ಕಂಪನಿಯ ಆಳು ಸರ್ಟಿಫಿಕೇಟು ಕೇಳಿದ. ದೊಡ್ಡವ್ವ ಅಂದು ಪೇಟೆಗೆ ಬಂದಿದ್ದವಳು ಪಕ್ಕದಲ್ಲೇ ನಿಂತಿದ್ದಳು. ಜೇಬಿನಿಂದ ಅದನ್ನು ತೆಗೆದು ಬಿಚ್ಚಿದಾಗ ಅವಳು ಮೊಹರಿನ ಮೇಲೆ ಬೆರಳಿಟ್ಟು ನೋಡಿದಳು.

“ಇದ್ರಲ್ಲಿ ನನ್ನ ಹೆಸ್ರು ಉಂಟಾ ಮಗ?”

“ಇಲ್ಲ ದೊಡ್ಡವ್ವ. ಕಂಪನಿಯವ್ರ ಹೆಸ್ರು.”

“ನಿಂದು?”

“ನಂದೂ ಇಲ್ಲ.”

ನಾನು ಅದನ್ನು ಮಡಿಸಿ ಆಳಿನ ಕೈಗೆ ಕೊಟ್ಟೆ. ದೊಡ್ಡವ್ವ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

“ತಗೊಂಡು ಹೋಗ್ಲಿ ಬಿಡು. ಮುಖ ನಂದೇ ಅಲ್ಲನಾ?”